ಉಳವಿಯ ಚಕ್ಕಡಿ ನೋಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ ದಾರಿಯಲ್ಲಿರುವ ಸೋದರಿಯರಿಗೆ ನಾನು ಹೇಳಬೇಕಾದ್ದಿಲ್ಲ. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ದೂರದಿಂದ ಗೆಜ್ಜೆಸರದ ಸಪ್ಪಳ. ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಹೂಡಿಕೊಂಡು ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಹೊರಟಿರುತ್ತಾರೆ. ಎತ್ತಿನ ಮೈಮೇಲೆ ಬಣ್ಣದ ಜೂಲ, ಕೊಂಬಿಗೆ ಹಿತ್ತಾಳೆಯ ಕೋಡಣಸು, ಹಣೆಗೆ ಗೊಂಡೆ. ಮೇಲೆ ತಾಡಪತ್ರಿ ಹೊದಿಸಿದ ಚಕ್ಕಡಿಯೊಳಗೆ ಅಜ್ಜಿ, ಮೊಮ್ಮಕ್ಕಳು, ಮೇವು, ರೊಟ್ಟಿಯ ಗಂಟು, ಎಲ್ಲವೂ! ಈಗೀಗ ನಡುನಡುವೆ ಟ್ರ್ಯಾಕ್ಟರುಗಳೂ ಬರುತ್ತವೆ. ಬರಲಿ, ಆದರೆ ಅವುಗಳ ಮೇಲಿನ ಧ್ವನಿವರ್ಧಕ ಮಾತ್ರ ನನಗೆ ಸೇರುವುದಿಲ್ಲ. ಎತ್ತುಗಳೂ ಬೆದರುತ್ತವೆ.

ನಮ್ಮ ಪಕ್ಕದ ಮನೆಯ ಸೊಸೆ ದಾಂಡೇಲಿಗೆ ಬಂದು ಹನ್ನೊಂದು ವರ್ಷವಾಯಿತು. "ಗೆಜ್ಜಿ ಸಪ್ಪಳ ವರ್ಷಾ ಕೇಳ್ತೀನ್ರೀ ವೈನಿ, ಎತ್ತಿನ ಮಾರಿ ಮಾತ್ರ ಒಮ್ಮೆನೂ ನೋಡಿಲ್ಲ" ಅಂದಳು. ಹೇಗೆ ನೋಡಿಯಾಳು? ಚಕ್ಕಡಿ ಬರುವ ಹೊತ್ತೂ, ಮಕ್ಕಳು ಶಾಲೆಯಿಂದ, ಗಂಡ ಕಾರ್ಖಾನೆಯ ಪಾಳಿಯಿಂದ ಬರುವ ಹೊತ್ತೂ ಒಂದೇ. ಚಹಾ, ತಿಂಡಿ, ಆಮೇಲೆ ರೊಟ್ಟಿ. ಗಂಡಸರು, ಮಕ್ಕಳು ರಸ್ತೆಗೆ ಓಡುತ್ತಾರೆ; ಅವಳ ಪಾಲಿಗೆ ಅಡುಗೆಮನೆಯ ಕಿಟಕಿ.

ಒಂದು ತಾಸಿನ ಮಾತು, ನೋಡಿ. ಗಡಿಯಾಚೆ ಗೋವೆಯಲ್ಲಿ ಕ್ರೈಸ್ತರ ಉಪವಾಸದ ಕಾಲಕ್ಕೆ ಮೊದಲು ನಾಲ್ಕು ದಿನ ಕಾರ್ನಿವಾಲ್ ನಡೆಯುತ್ತದೆ. ಮೊಮೊ ರಾಜನ ಮೆರವಣಿಗೆ ನೋಡಲು ಬಸ್ಸು ಹತ್ತಬೇಕು, ದುಡ್ಡು ಬೇಕು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಕುಣಿಯುತ್ತದೆ. ಸೊಗಸೇ ಸೊಗಸು, ಆದರೆ ಅದು ರಾತ್ರಿಯ ಆಟ, ಕೈಗೂಸಿನ ತಾಯಿಗೆ ಆಗದ ಮಾತು. ನಮ್ಮ ಚಕ್ಕಡಿ ಸಾಲು ಹಾಗಲ್ಲ. ಮನೆಯ ಮುಂದಿನ ರಸ್ತೆಗೇ ಬರುತ್ತದೆ, ಬೆಳಕಿರುವಾಗಲೇ ಕಣ್ತುಂಬ ನೋಡಬಹುದು.

ಹೋದ ಸಲ ನಾವಿಬ್ಬರೂ ಅವಳ ಅತ್ತೆಯವರನ್ನೇ ಮುಂದೆ ಮಾಡಿಕೊಂಡು ಹೊರಟೆವು. ಅವರ ತವರು ಧಾರವಾಡದ ಕಡೆ. "ಇವು ಖಿಲಾರಿ ಎತ್ತು, ನಡಿಗಿ ನೋಡ್ರಿ" ಎನ್ನುತ್ತ ಹುಡುಗಿಯ ಹಾಗೆ ಖುಷಿಪಟ್ಟರು. ಒಂದು ಚಕ್ಕಡಿಯ ತಾಯಿ "ಯಾ ಊರಾತ್ರೀ ನಿಮ್ದು?" ಎಂದು ಇವರು ಕೇಳಿದ್ದಕ್ಕೆ ಊರಿನ ಹೆಸರು ಹೇಳಿ, ಕೈಗೊಂದು ಶೇಂಗಾ ಉಂಡಿ ಇಟ್ಟು ಮುಂದೆ ಹೋದಳು. ಅತ್ತೆಯವರು ಉಂಡೆ ಹಿಡಿದುಕೊಂಡು ನಿಂತೇ ಬಿಟ್ಟರು. "ನನ್ನನ್ನರ ಯಾರ ಕರಕೊಂಡ ಬಂದಿದ್ರು? ಅದಕ್ಕ ನಿನ್ನೂ ಕಳಸಬೇಕಂತ ನನಗ ಹೊಳೀಲೇ ಇಲ್ಲವಾ" ಎಂದರು ಸೊಸೆಗೆ. ಅವಳು ಏನೂ ಅನ್ನಲಿಲ್ಲ, ಸೆರಗು ಸರಿಮಾಡಿಕೊಂಡಳು.

ಈ ದಾರಿ ಹೆಂಗಸರಿಗೆ ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಗಲಭೆಯ ನಂತರ ಚನ್ನಬಸವಣ್ಣನವರು ಶರಣರೊಡನೆ ಈ ಕಾಡಿಗೆ ಬಂದರಲ್ಲ, ಅವರ ತಾಯಿ, ಬಸವಣ್ಣನವರ ಅಕ್ಕ ನಾಗಮ್ಮನೂ ಜೊತೆಗಿದ್ದರೆಂಬುದು ನಂಬಿಕೆ. ಉಳವಿಯಲ್ಲಿ ಅಕ್ಕನಾಗಮ್ಮನ ಗವಿಯೂ ಇದೆ.

ಕತ್ತಲಾಗುವ ಮುನ್ನ ಮಾತ್ರ ಹಿಂದಿರುಗಿ. ಲಾರಿ, ಬಸ್ಸು, ಎತ್ತು ಎಲ್ಲ ಒಂದೇ ರಸ್ತೆಯಲ್ಲಿ. ಮಕ್ಕಳ ಕೈ ಬಿಡಬೇಡಿ, ಎತ್ತಿನ ಹಿಂದೆ ನಿಲ್ಲಬೇಡಿ. ಜೋಯಿಡಾ ಕಡೆಯಂತೂ ಕಾಳಿ ಹುಲಿ ಸಂರಕ್ಷಿತ ಕಾಡು. ಮನೆಯ ಮುಂದೆ ಒಂದು ದೊಡ್ಡ ಪಾತ್ರೆ ನೀರಿಟ್ಟರೆ ದಣಿದ ಎತ್ತಿಗೆ ಆದೀತು.

ಬಂದ ಮೇಲೆ ಅಡುಗೆಯ ಗಡಿಬಿಡಿ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದೇ ಇರುತ್ತವೆ. ಸಿಹಿಗೆ ಹಿಂದಿನ ದಿನವೇ ಮಾದಲಿ ಮಾಡಿಡಿ. ಎರಡು ಬಟ್ಟಲು ತರಿಯಾಗಿ ಬೀಸಿದ ಗೋಧಿ ಹಿಟ್ಟಿಗೆ ಕಾಲು ಬಟ್ಟಲು ಕಡಲೆಬೇಳೆ ಹಿಟ್ಟು ಸೇರಿಸಿ, ಗಟ್ಟಿಯಾಗಿ ನಾದಿ, ದಪ್ಪ ಚಪಾತಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಒಳಗೆ ಹಸಿ ಉಳಿಯದಂತೆ ಬೇಯಿಸಿ. ಬಿಸಿ ಆರುವ ಮೊದಲೇ ಮುರಿದು ಕುಟ್ಟಿ; ಮಿಕ್ಸಿಯಾದರೂ ನಡೆದೀತು, ನುಣ್ಣಗಾಗಬಾರದು ಅಷ್ಟೆ. ಒಂದೂಕಾಲು ಬಟ್ಟಲು ಬೆಲ್ಲದ ಪುಡಿ, ತುರಿದ ಒಣಕೊಬ್ಬರಿ, ಹುರಿದ ಗಸಗಸೆ, ಪುಟಾಣಿ, ಏಲಕ್ಕಿ, ಚಿಟಿಕೆ ಒಣಶುಂಠಿ ಬೆರೆಸಿ. ಉಣ್ಣುವಾಗ ಬಿಸಿ ಹಾಲು, ಮೇಲೊಂದು ಚಮಚ ತುಪ್ಪ. ಎಂಟಕ್ಕೆಲ್ಲ ಊಟ ಮುಗಿದು ಮಕ್ಕಳೂ ಮಲಗುತ್ತವೆ, ನೀವೂ ಕಾಲು ಚಾಚಬಹುದು.

ಒಣ ಮಾದಲಿ ಡಬ್ಬಿಯಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ತೇರು ಎಳೆದ ಮೇಲೆ ಚಕ್ಕಡಿಗಳು ಇದೇ ದಾರಿಯಲ್ಲಿ ತಿರುಗಿ ಬರುತ್ತವಲ್ಲ, ಆ ಸಂಜೆಗೂ ಆಯಿತು.