ಶಾಸನದ ನಡುವಿನ ಸಾಲುಗಳು

ಪಠ್ಯಪುಸ್ತಕ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ಇತಿಹಾಸವನ್ನು ತಿರುಚಲಾಗುತ್ತಿದೆ ಎಂಬ ಕೂಗು ಏಳುತ್ತದೆ. ಇತಿಹಾಸವೆಂಬುದು ಒಮ್ಮೆ ಬರೆದು ಬೀಗಮುದ್ರೆ ಹಾಕಬೇಕಾದ ವಸ್ತು, ಮತ್ತೆ ಬರೆಯ ಹೊರಟವರೆಲ್ಲ ದುರುದ್ದೇಶದವರು ಎಂಬ ಗ್ರಹಿಕೆ ಇದರ ಹಿಂದಿದೆ. ಆದರೆ ಕರ್ನಾಟಕದ ಇತಿಹಾಸವೇ ಕಳೆದ ಎರಡು ಶತಮಾನಗಳಲ್ಲಿ ಹಲವು ಬಾರಿ ಹೊಸದಾಗಿ ಬರೆಯಲ್ಪಟ್ಟಿದೆ.

ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಇತಿಹಾಸ ಗ್ರಂಥದ ಮೊದಲ ಸಂಪುಟವನ್ನು 1810ರಲ್ಲಿ ಪ್ರಕಟಿಸಿದರು. ಅದು ಗೆದ್ದವರ ಕಣ್ಣಿನಿಂದ ಕಂಡ ಇತಿಹಾಸ. ಬಿ.ಎಲ್. ರೈಸ್ ಅವರು ಊರೂರು ಸುತ್ತಿಸಿ ಸಂಗ್ರಹಿಸಿದ ಸುಮಾರು 9,000 ಶಾಸನಗಳು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಾಗಿ ಬಂದ ಮೇಲೆ ಇತಿಹಾಸಕ್ಕೆ ಕಲ್ಲಿನ ಆಧಾರ ದೊರೆಯಿತು. 1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದಾಗ ಅವರ ಮುಂದಿದ್ದುದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರನ್ನು ಎಚ್ಚರಿಸುವ ಗುರಿ. 1956ರ ಏಕೀಕರಣದ ಹಿಂದೆ ಆ ಪುಸ್ತಕದ ಪ್ರೇರಣೆಯೂ ಇದೆ. ಆದರೆ ಎಚ್ಚರಿಸುವ ಇತಿಹಾಸ ಬೇರೆ, ವಿವರಿಸುವ ಇತಿಹಾಸ ಬೇರೆ.

ಒಂದು ದಾನಶಾಸನವನ್ನೇ ತೆಗೆದುಕೊಳ್ಳಿ. ಆರಂಭದಲ್ಲಿ ಅರಸನ ವಂಶಾವಳಿ, ಬಿರುದಾವಳಿ. ಕೊನೆಯಲ್ಲಿ ದಾನವನ್ನು ಕೆಡಿಸಿದವರಿಗೆ ಶಾಪ. ಹಿಂದಿನ ವಿದ್ವಾಂಸರು ಮುಖ್ಯವಾಗಿ ಮೊದಲ ಭಾಗವನ್ನು ಓದಿ ರಾಜವಂಶಗಳ ಕಾಲಾನುಕ್ರಮವನ್ನು ಕಟ್ಟಿದರು. ನಡುವಿನ ಸಾಲುಗಳಲ್ಲಿರುವುದು ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಬಿಟ್ಟುಕೊಟ್ಟ ಸುಂಕಗಳ ಹೆಸರು. ಕಂದಾಯ ಆಡಳಿತದಲ್ಲಿ ದುಡಿದ ನನ್ನಂಥವನಿಗೆ ಇದು ಅಪರಿಚಿತವಲ್ಲ. ಇಂದಿನ ಕ್ರಯಪತ್ರದ ಚಕ್ಕುಬಂದಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಡಿ.ಡಿ. ಕೋಸಂಬಿ ಅವರು 1956ರಲ್ಲಿ ಉತ್ಪಾದನೆಯ ಪ್ರಶ್ನೆಯನ್ನು ಇತಿಹಾಸದ ನಡುವಿಗೆ ತಂದರು. ಎಂ. ಚಿದಾನಂದಮೂರ್ತಿ ಅವರು 1966ರಲ್ಲಿ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಪ್ರಕಟಿಸಿ ಜನಜೀವನದತ್ತ ದೃಷ್ಟಿ ಹೊರಳಿಸಿದರು. ಕಲ್ಲು ಅದೇ, ಅಕ್ಷರ ಅದೇ. ಕೇಳುವ ಪ್ರಶ್ನೆ ಮಾತ್ರ ಬದಲಾಯಿತು. ಆಳಿದವರು ಯಾರು ಎಂಬುದರ ಜೊತೆಗೆ ತೆರಿಗೆ ತೆತ್ತವರು ಯಾರು ಎಂಬ ಪ್ರಶ್ನೆಯೂ ಸೇರಿತು.

1830–31ರ ನಗರ ಬಂಡಾಯವೂ ಇಂಥದೇ ನಿದರ್ಶನ. ಬ್ರಿಟಿಷರ ಕಾಗದಪತ್ರಗಳಲ್ಲಿ ಅದು ದಂಗೆ. 1831ರಲ್ಲಿ ಮೈಸೂರಿನ ಆಡಳಿತವನ್ನು ವಹಿಸಿಕೊಳ್ಳಲು ಅವರಿಗೆ ದೊರೆತ ಕಾರಣ. ಅವೇ ಪತ್ರಗಳನ್ನು ಕಂದಾಯದ ದೃಷ್ಟಿಯಿಂದ ಓದಿದರೆ, ಇಂತಿಷ್ಟು ಹಣ ತಂದೊಪ್ಪಿಸಬೇಕೆಂಬ ಷರತ್ತಿಗೆ ಕಟ್ಟುಬಿದ್ದ ಅಮಲ್ದಾರರ ಒತ್ತಡಕ್ಕೆ ಬೇಸತ್ತ ರೈತರು ಕಾಣಿಸುತ್ತಾರೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಪ್ರಶ್ನೆಯನ್ನು ಬದಲಿಸುವುದು ಇತಿಹಾಸಕಾರನ ಹಕ್ಕು. ಬೇಕಾದ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಆಧಾರಗಳನ್ನು ಆಯ್ದುಕೊಳ್ಳುವುದು ಅವನ ಹಕ್ಕಲ್ಲ. ಅರಸನೊಬ್ಬನನ್ನು ದೇವರಾಗಿಸುವ ಇಲ್ಲವೇ ರಾಕ್ಷಸನಾಗಿಸುವ ಇಂದಿನ ಭರಾಟೆಯಲ್ಲಿ ಎರಡೂ ಬಣಗಳು ಶಾಸನದ ಮೊದಲ ಸಾಲುಗಳಲ್ಲೇ ನಿಂತುಬಿಟ್ಟಿವೆ. ನಡುವಿನ ಸಾಲುಗಳವರೆಗೆ ಹೋಗುವ ತಾಳ್ಮೆ ಯಾರಿಗೂ ಇದ್ದಂತಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮುಂದಿನ ಇತಿಹಾಸದ ಸ್ಥಿತಿ. ಇಪ್ಪತ್ತನೆಯ ಶತಮಾನದ ರೈತನ ಚರಿತ್ರೆ ಇರುವುದು ಕಲ್ಲಿನಲ್ಲಲ್ಲ. ತಾಲ್ಲೂಕು ಕಚೇರಿಗಳ ಮ್ಯುಟೇಷನ್ ವಹಿ, ಜಮಾಬಂದಿ ಕಡತ, ಭೂನ್ಯಾಯಮಂಡಳಿಗಳ ನಡಾವಳಿಗಳಲ್ಲಿ. ಅಂಥ ಕಡತಗಳು ಗೆದ್ದಲಿಗೆ ಆಹಾರವಾದುದನ್ನೂ, ಜಾಗ ಸಾಲದೆಂದು ರದ್ದಿಗೆ ಹೋದುದನ್ನೂ ಸೇವೆಯಲ್ಲಿದ್ದಾಗ ಕಂಡಿದ್ದೇನೆ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಚಾಲ್ತಿ ಪಹಣಿಗಳನ್ನು ಗಣಕಕ್ಕೇರಿಸಿತು. ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ ಆರಂಭವಾದುದು 2024ರಲ್ಲಿ. ತಡವಾದರೂ ಇದು ಸ್ವಾಗತಾರ್ಹ. ಆದರೆ ಸ್ಕ್ಯಾನ್ ಆಯಿತೆಂದು ಮೂಲ ಕಡತಗಳನ್ನು ವಿಲೇವಾರಿ ಮಾಡಬಾರದು. ಅವುಗಳನ್ನು ಪತ್ರಾಗಾರಕ್ಕೆ ಒಪ್ಪಿಸಬೇಕು, ಸಂಶೋಧಕರಿಗೆ ತೆರೆದಿಡಬೇಕು. ಪ್ರತಿ ಜಿಲ್ಲೆಯಲ್ಲೂ ತರಬೇತಿ ಪಡೆದ ದಾಖಲೆಪಾಲಕರೊಬ್ಬರನ್ನಾದರೂ ನೇಮಿಸಬೇಕು.

ನಮ್ಮ ಮೊಮ್ಮಕ್ಕಳು ನಾವು ಊಹಿಸದ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳಿಗೆ ಉತ್ತರವನ್ನು ಈಗಲೇ ಬರೆದಿಡುವುದು ನಮ್ಮ ಕೆಲಸವಲ್ಲ. ಉತ್ತರ ಹುಡುಕಲು ಬೇಕಾದ ಕಾಗದಗಳನ್ನು ಉಳಿಸಿಕೊಡುವುದು ನಮ್ಮ ಹೊಣೆ.