ಮದ್ದಿಗೂ ಒಂದು ಪರೀಕ್ಷೆ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯು ರಾಷ್ಟ್ರಕವಿ ಕುವೆಂಪು ಅವರು 1904ರಲ್ಲಿ ಜನಿಸಿದ ಊರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಸೀಮೆಯಲ್ಲಿ ಮಳೆಗಾಲವೆಂದರೆ ಅಡಿಕೆ ಬೆಳೆಗಾರನಿಗೆ ಆತಂಕದ ಕಾಲ. ಎಡೆಬಿಡದ ಮಳೆಯಲ್ಲಿ ಕೊಳೆರೋಗ ತಗುಲಿತೆಂದರೆ ಎಳೆಯ ಕಾಯಿಗಳೆಲ್ಲ ಉದುರಿ ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಬಳಕೆಗೆ ದಾರಿ ತೋರಿದರು. ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ಕೊಂದ ಮಾತ್ರಕ್ಕೆ ಇಂಥ ಔಷಧಿ ಗೆದ್ದಂತಾಗುವುದಿಲ್ಲ. ಎತ್ತರದ ಮರದ ಗೊನೆಯಲ್ಲಿ, ಆಷಾಢದ ಜಡಿಮಳೆಯಲ್ಲಿ ಅದು ನಿಲ್ಲಬೇಕು. ರೋಗವಿರುವ ನೆಲೆಯಲ್ಲಿಯೇ ಮದ್ದನ್ನು ಪರೀಕ್ಷಿಸಬೇಕೆಂಬ ಈ ತತ್ತ್ವವನ್ನು ಮಲೆನಾಡಿನ ರೈತ ಬಲ್ಲ.

ಮಾನವಕುಲವನ್ನು ಪೀಡಿಸುತ್ತಿರುವ ಅರ್ಬುದ, ಎಂದರೆ ಕ್ಯಾನ್ಸರ್ ರೋಗದ ವಿಷಯದಲ್ಲಿಯೂ ಇದೇ ತತ್ತ್ವವನ್ನು ಅನುಸರಿಸಬೇಕೆಂಬುದು ನನ್ನ ಅಭಿಪ್ರಾಯ. ಈ ರೋಗ ನಮಗೆ ದೂರದ್ದಲ್ಲ. ನಮ್ಮ ತೋಟದ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅಡಿಕೆಯನ್ನೇ ನಂಬಿ ಬದುಕುವ ನಾಡಿಗೆ ಇದು ಕಹಿಯಾದ ಮಾತು; ಆದರೂ ಮರೆಮಾಚಬಾರದ ಮಾತು.

ಕ್ಯಾನ್ಸರಿಗೆಂದು ಸಿದ್ಧಪಡಿಸಿದ ಹೊಸ ಔಷಧಿಗಳಲ್ಲಿ ಮಾನವರ ಮೇಲಿನ ಪರೀಕ್ಷೆಯ ಹಂತವನ್ನು ತಲುಪಿದವುಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಕೊನೆಗೆ ಬಳಕೆಗೆ ಬರುವುದೇ ಇಲ್ಲ. ಹೀಗೇಕೆ? ಮೊದಲ ಪರೀಕ್ಷೆ ನಡೆಯುವ ನೆಲೆಗೂ ರೋಗವಿರುವ ನೆಲೆಗೂ ಅಜಗಜಾಂತರವಿರುವುದು ಇದಕ್ಕೆ ಒಂದು ಮುಖ್ಯ ಕಾರಣ.

1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಮಹಿಳೆಯ ಗಂತಿಯಿಂದ ತೆಗೆದ ಜೀವಕೋಶಗಳು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಯತೊಡಗಿದವು. ಅಂದಿನಿಂದ ಇಂತಹ ಜೀವಕೋಶಗಳನ್ನು ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಹರಡಿ, ಅವುಗಳ ಮೇಲೆ ಮದ್ದನ್ನು ಸುರಿದು ನೋಡುವ ಕ್ರಮ ಬೇರೂರಿತು. ಆದರೆ ದೇಹದೊಳಗಿನ ಗಂತಿಯು ಹಾಗೆ ಚಪ್ಪಟೆಯಾಗಿರುವುದಿಲ್ಲ. ಅದಕ್ಕೆ ಉದ್ದ, ಅಗಲ, ಆಳಗಳುಂಟು. ಜೀವಕೋಶಗಳು ನಾರಿನಂತಹ ಪ್ರೋಟೀನುಗಳ ಹಂದರವನ್ನು ಅಪ್ಪಿಕೊಂಡು ಒತ್ತೊತ್ತಾಗಿ ಬೆಳೆಯುತ್ತವೆ. ಒಳಗಿನ ಕೋಶಗಳಿಗೆ ಪ್ರಾಣವಾಯು ಸಾಕಷ್ಟು ದೊರೆಯುವುದಿಲ್ಲ. ಅವು ನಿಧಾನವಾಗಿ ವಿಭಜಿಸುತ್ತವೆ. ಮದ್ದೂ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಆದುದರಿಂದಲೇ ತಟ್ಟೆಯಲ್ಲಿ ಜಯಶಾಲಿಯಾದ ಔಷಧಿ ರೋಗಿಯ ದೇಹದಲ್ಲಿ ಸೋಲುವುದುಂಟು. ಇನ್ನು ಇಲಿಗಳ ಮೇಲೆ ಪರೀಕ್ಷಿಸಿದರೋ, ಇಲಿಯ ದೇಹಧರ್ಮ ಬೇರೆ, ಮನುಷ್ಯನ ದೇಹಧರ್ಮ ಬೇರೆ.

ಈ ಕೊರತೆಯನ್ನು ತುಂಬಲು ವಿಜ್ಞಾನಿಗಳು ಕೃತಕ ಹಂದರಗಳನ್ನು ರಚಿಸುತ್ತಿದ್ದಾರೆ. ಚಪ್ಪರವಿಲ್ಲದೆ ಅವರೆಯ ಬಳ್ಳಿ ಸೊಂಪಾಗಿ ಹಬ್ಬದಿರುವಂತೆ, ಆಸರೆಯಿಲ್ಲದೆ ಜೀವಕೋಶಗಳು ಗಂತಿಯ ನಿಜರೂಪವನ್ನು ತಾಳಲಾರವು. ಚರ್ಮ ಮೂಳೆಗಳಲ್ಲಿರುವ ಕೊಲಾಜೆನ್, ಕಡಲ ಪಾಚಿಯಿಂದ ದೊರೆಯುವ ಆಲ್ಜಿನೇಟ್, ರೇಷ್ಮೆಯ ಎಳೆಯಲ್ಲಿರುವ ಫೈಬ್ರಾಯಿನ್ ಮುಂತಾದ ಜೀವಸ್ನೇಹಿ ವಸ್ತುಗಳು ಇದಕ್ಕೆ ಒದಗುತ್ತವೆ. ರೇಷ್ಮೆಯ ಅಂಟನ್ನು ತೆಗೆದು, ಉಳಿದ ಫೈಬ್ರಾಯಿನನ್ನು ಕರಗಿಸಿ, ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳುಳ್ಳ ಹಂದರವನ್ನು ಮಾಡಬಹುದು. ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸುಭಾಷ್ ಕುಂಡು ಮತ್ತು ಅವರ ಸಂಗಡಿಗರು ಇಂತಹ ರೇಷ್ಮೆಯ ಹಂದರದಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸಿ ತೋರಿಸಿದ್ದಾರೆ.

ನಮ್ಮ ಬೆಂಗಳೂರಿನಲ್ಲಿಯೂ ಈ ದಿಕ್ಕಿನಲ್ಲಿ ಮಹತ್ತ್ವದ ಕಾರ್ಯ ನಡೆದಿದೆ. ಮಿತ್ರ ಬಯೋಟೆಕ್ ಎಂಬ ಸಂಸ್ಥೆಯ ವಿಜ್ಞಾನಿಗಳು ರೋಗಿಯ ಗಂತಿಯ ತೆಳುವಾದ ಹೋಳುಗಳನ್ನು, ಆ ಗಂತಿಗೆ ಹೊಂದುವ ಪ್ರೋಟೀನುಗಳ ಆಸರೆಯ ಮೇಲಿರಿಸಿ, ಅದೇ ರೋಗಿಯ ರಕ್ತದ್ರವವನ್ನು ಉಣಿಸಿ ಜೀವಂತವಾಗಿಟ್ಟರು. ಬಳಿಕ ಯಾವ ಮದ್ದಿಗೆ ಆ ಗಂತಿ ಮಣಿಯುವುದೆಂದು ಪರೀಕ್ಷಿಸಿದರು. ತಲೆ ಮತ್ತು ಕುತ್ತಿಗೆಯ ಹಾಗೂ ದೊಡ್ಡ ಕರುಳಿನ ಕ್ಯಾನ್ಸರುಗಳನ್ನು ಕುರಿತ ಈ ಅಧ್ಯಯನ 2015ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಲಕೊಡದ ಔಷಧಿಯನ್ನು ಸೇವಿಸುತ್ತ ರೋಗಿಯು ಕಳೆದುಕೊಳ್ಳುವ ಹಣ, ಸಹಿಸುವ ಯಾತನೆ, ಮರಳಿ ಬಾರದ ತಿಂಗಳುಗಳು ಇವನ್ನು ನೆನೆದಾಗ ಇಂತಹ ಪ್ರಯತ್ನದ ಬೆಲೆ ಅರಿವಾಗುತ್ತದೆ.

ಹಾಗೆಂದು ಹಂದರದ ಮೇಲಿನ ಗಂತಿಯೇ ಸರ್ವಸ್ವವೆಂದು ಭ್ರಮಿಸಲಾಗದು. ಆ ತುಣುಕಿಗೆ ಔಷಧಿಯನ್ನು ಮಾರ್ಪಡಿಸುವ ಯಕೃತ್ತಿಲ್ಲ, ಮಿಡಿಯುವ ಹೃದಯವಿಲ್ಲ, ರೋಗದೊಡನೆ ಹೋರಾಡುವ ದೇಹದ ರಕ್ಷಣಾಪಡೆ ಪೂರ್ಣವಾಗಿಲ್ಲ. ಆದುದರಿಂದ ಮಾನವರ ಮೇಲಿನ ಎಚ್ಚರದ ಪರೀಕ್ಷೆಯನ್ನು ಅದು ಇಲ್ಲವಾಗಿಸಲಾರದು. ಸೋಲುವ ಮದ್ದನ್ನು ರೋಗಿಯ ಹಾಸಿಗೆಯ ಬಳಿಗೆ ಬರುವ ಮೊದಲೇ ತಡೆಯಬಲ್ಲದು. ಅದೇ ಅದರ ಹಿರಿಮೆ. ಭಾರತ ಸರ್ಕಾರವು 2023ರಲ್ಲಿ ಔಷಧ ಪರೀಕ್ಷೆಯ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳನ್ನು ಬಳಸದ ಇಂತಹ ವಿಧಾನಗಳಿಗೂ ಮನ್ನಣೆ ನೀಡಿರುವುದು ಸ್ವಾಗತಾರ್ಹ.

ಇನ್ನೊಂದು ಮಾತನ್ನು ಮರೆಯಬಾರದು. ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಜೀವಕೋಶಗಳನ್ನು ಸಂಶೋಧನೆಗೆ ಬಳಸುವಾಗ ಯಾರೂ ಆಕೆಯ ಅನುಮತಿಯನ್ನು ಕೇಳಲಿಲ್ಲ. ಜಗತ್ತಿಗೆ ಉಪಕಾರವಾಯಿತು ನಿಜ. ಆದರೆ ಆಕೆಗೆ ಅನ್ಯಾಯವಾಯಿತು. ರೋಗಿಯು ನೀಡುವ ತುಣುಕು ಒಂದು ದಾನ. ಅದನ್ನು ಕೇಳಿಯೇ ಪಡೆಯಬೇಕು, ಗೌರವದಿಂದ ಬಳಸಬೇಕು.

ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯೂ ಇಲ್ಲಿದೆ. ರೇಷ್ಮೆ ಬೆಳೆಯುವವರ, ಚಿಕಿತ್ಸೆ ನೀಡುವವರ, ಸಂಶೋಧನೆ ಮಾಡುವವರ ಕೈಗಳು ಒಂದುಗೂಡಬೇಕು. ಸರ್ಕಾರವು ಅದಕ್ಕೆ ಧಾರಾಳವಾಗಿ ನೆರವು ನೀಡಬೇಕು. ಮದ್ದು ರೋಗಿಯನ್ನು ಪರೀಕ್ಷಿಸುವ ಮೊದಲು ನಾವು ಮದ್ದನ್ನು ಪರೀಕ್ಷಿಸೋಣ. ಹಿರೇಕೊಡಿಗೆಯ ತೋಟದಲ್ಲಿ ಮಳೆಗೆ ನಿಲ್ಲದ ಔಷಧಿಯನ್ನು ರೈತ ನಂಬುವುದಿಲ್ಲ; ರೋಗಿಯ ಪ್ರಾಣಕ್ಕೆ ಅಡಿಕೆಯ ಗೊನೆಗಿಂತ ಕಡಮೆ ಎಚ್ಚರ ಸಲ್ಲದು.