ಬೆಳ್ಳಿತೆರೆಯ ಮಾತು: ಕಾರಾಪುರದ ಸಾಬುವೂ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರವೂ

ಚುಂಚನಕಟ್ಟೆಯಲ್ಲಿ ಕಾವೇರಿಯು ಎಷ್ಟು ಭೋರ್ಗರೆದರೂ ಕೋದಂಡರಾಮನ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸದೆಂಬುದು ಪ್ರತೀತಿ. ಅಂತಹ ಶಾಂತವಾದ ಒಂದು ಮೂಲೆಯೂ ಇಲ್ಲದ, ಸದಾ ಗಾಳಿ ಬೀಸುವ ಬೆಟ್ಟದಂಚಿನ ಹಳೆಯ ಅರಮನೆಯಲ್ಲಿ ಐವರು ಕ್ರೈಸ್ತ ಸಂನ್ಯಾಸಿನಿಯರ ಮನಸ್ಸು ಕದಡಿಹೋಗುವುದೇ 1947ರ ‘ಬ್ಲ್ಯಾಕ್ ನಾರ್ಸಿಸಸ್’ ಎಂಬ ಆಂಗ್ಲ ಚಿತ್ರದ ಕಥೆ. ಮಹಾಯುದ್ಧಾನಂತರ ಇಂಗ್ಲೆಂಡಿನಲ್ಲಿ ತಯಾರಾದ ಈ ಭೀತಿಯ ಚಿತ್ರದಲ್ಲಿ ನಮ್ಮ ಸೀಮೆಯವನೊಬ್ಬನಿದ್ದಾನೆ. ಆತನೇ 1924ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು.

ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಎಂಬ ಜೋಡಿಯು ಇದನ್ನು ನಿರ್ಮಿಸಿ ನಿರ್ದೇಶಿಸಿತು. ತೆರೆಯ ಮೇಲಿನ ಹಿಮಾಲಯವೆಲ್ಲ ಕುಂಚದ ಕೈವಾಡ. ಚಿತ್ರೀಕರಣವು ಇಂಗ್ಲೆಂಡನ್ನು ಬಿಟ್ಟು ಹೊರಗೆ ಹೋಗಲಿಲ್ಲ. ಛಾಯಾಗ್ರಾಹಕ ಜಾಕ್ ಕಾರ್ಡಿಫನಿಗೆ ಆಸ್ಕರ್ ಬಹುಮಾನವು ಸಂದುದು ನ್ಯಾಯವೇ.

ಅಭಿನಯದಲ್ಲಿ ಅಗ್ರಸ್ಥಾನವು ರೂತಳ ಪಾತ್ರದ ಕ್ಯಾಥ್ಲೀನ್ ಬೈರನ್ನಳಿಗೆ ಸಲ್ಲತಕ್ಕದ್ದು. ಕಾವಿಗೆ ಸಮಾನವಾದ ಬಿಳಿಯ ಉಡುಪನ್ನು ಕಳಚಿ ಕೆಂಪು ಉಡುಪು ತೊಟ್ಟು ತುಟಿಗೆ ರಂಗು ಹಚ್ಚಿಕೊಳ್ಳುವ ಈಕೆ. ಎದುರಿಗೆ ಬೈಬಲ್ ಹಿಡಿದು ಕುಳಿತ ಡೆಬೊರಾ ಕೆರ್. ನಡುವೆ ಕರಗುತ್ತಿರುವ ಮೇಣದ ಬತ್ತಿ! ಮುಂದೆ ಪ್ರಪಾತದಂಚಿನ ಗಂಟೆಯ ಬಳಿ ನಡೆಯುವುದನ್ನು ಇಲ್ಲಿ ಹೇಳಿಬಿಡುವುದು ತರವಲ್ಲ. ಆ ಭಾಗದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಸಂಗೀತವನ್ನು ಮೊದಲೇ ರಚಿಸಿಕೊಂಡು ಅದಕ್ಕೆ ಸರಿಯಾಗಿ ನಟರನ್ನು ನಡೆಸಿದರಂತೆ. ಬಾಗಿಲು ತೆರೆದು ಹೊರಬರುವ ಆ ಮುಖವನ್ನು ಕಂಡು ನಾನಂತೂ ಬೆಚ್ಚಿದೆನು. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ.

ಸಾಬುವಿನದು ಯುವರಾಜನಂತಹ ‘ಕಿರಿಯ ಜನರಲ್’ ಪಾತ್ರ. ಲಂಡನ್ನಿನ ಅಂಗಡಿಯಿಂದ ತರಿಸಿದ ಅವನ ಸುಗಂಧದ್ರವ್ಯದ ಹೆಸರೇ ಚಿತ್ರದ ಹೆಸರಾಗಿದೆ. ಆದರೆ ಹೆಸರಿಗೆ ಕಾರಣನಾದವನಿಗೆ ದೊರೆತುದು ರೇಷ್ಮೆ, ರತ್ನ ಮತ್ತು ನಗು ಮಾತ್ರ. ಅವನ ಪ್ರೇಯಸಿ ಕಾಂಚಿಯಾಗಿ ಮುಖಕ್ಕೆ ಬಣ್ಣ ಬಳಿದುಕೊಂಡ ಆಂಗ್ಲ ಬಾಲೆ ಜೀನ್ ಸಿಮನ್ಸ್! ಬೈರನ್ನಳ ಮುಖಕ್ಕೆ ಅಷ್ಟು ಹೊತ್ತು ದೀಪ ಹಿಡಿದ ನಿರ್ದೇಶಕರು ಈ ಹುಡುಗನ ಒಳಗನ್ನು ನೋಡಲು ಮನಸ್ಸು ಮಾಡಲಿಲ್ಲವೆಂಬುದು ನನ್ನ ಆಕ್ಷೇಪಣೆ. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದಲೂ ವಿದೇಶೀಯರು ಅವನಿಂದ ಬಯಸಿದುದು ಇಂತಹ ವೇಷಗಳನ್ನೇ. ಆದರೂ ತಪ್ಪಿಗೆ ಕ್ಷಮೆ ಬೇಡಲು ಬಂದು ನಿಲ್ಲುವ ಸಣ್ಣ ದೃಶ್ಯವೊಂದರಲ್ಲಿ ಅವನ ಸಹಜವಾದ ವಿನಯವು ಒಡವೆಗಳನ್ನು ಮೀರಿ ಕಾಣಿಸುವುದು. 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ಅವನಿಗೆ 39 ವರ್ಷ. ಚಿತ್ರವನ್ನು ನೋಡುವವರು ಆ ದೃಶ್ಯದಲ್ಲಿ ಅವನ ಕಣ್ಣುಗಳನ್ನು ಗಮನಿಸಬೇಕು.